ಹತ್ತಿರದ ಬೆಟ್ಟ

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಪರರ ಭ್ರಾಂತಿಯನ್ನು ಕುರಿತು ಹೇಳುವುದು ವಾಡಿಕೆ. ಆದರೆ ಆ ಗಾದೆಯನ್ನು ಮಾಡಿದವರು ಅರ್ಧ ಮಾತನ್ನು ಮಾತ್ರ ಹೇಳಿ ನಿಲ್ಲಿಸಿದರೆಂದು ತೋರುತ್ತದೆ. ದೂರದ ಬೆಟ್ಟ ನುಣ್ಣಗೆ ಕಾಣುವುದೇನೋ ನಿಜ; ಹತ್ತಿರದ ಬೆಟ್ಟವಾದರೋ ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಮನೆಯ ಜಗಲಿಯ ಮೇಲೆ ಕುಳಿತರೆ ಎದುರಿಗೇ ನಿಂತಿರುವ ಗುಡ್ಡದ ಹೆಸರೇನು, ಅದರ ಆಚೆಯ ಮಗ್ಗುಲಲ್ಲಿ ಯಾವ ಊರಿದೆ, ಅಲ್ಲಿಂದ ಇಳಿದು ಬರುವ ಹಳ್ಳ ಯಾವ ಹೊಳೆಯನ್ನು ಸೇರುವುದು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಕೊಟ್ಟಾರು?

ಲಂಡನ್ ನಗರವು ಥೇಮ್ಸ್ ನದಿಯ ತೀರದಲ್ಲಿದೆಯೆಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ತಡವರಿಸದೆ ಹೇಳುವರು. ನರಸಿಂಹರಾಜಪುರದ ಮಗ್ಗುಲಲ್ಲಿ ನಿಂತಿರುವ ನೀರು ತುಂಗೆಯದೊ ಭದ್ರೆಯದೊ ಎಂದು ಕೇಳಿದರೆ, ಅದೇ ಸೀಮೆಯಿಂದ ಬಂದ ಹುಡುಗರು ಕೂಡ ಒಬ್ಬರ ಮುಖವನ್ನೊಬ್ಬರು ನೋಡುವುದುಂಟು. ದೋಷವು ಹುಡುಗರದಲ್ಲ. ಓದುವ ಪುಸ್ತಕದಲ್ಲಿ ತನ್ನ ಊರು ಬಾರದೆ ಹೋದರೆ, ಅದು ನೋಡತಕ್ಕ ವಸ್ತುವಲ್ಲವೆಂದು ಹುಡುಗನು ಭಾವಿಸುವುದು ಸಹಜವೇ ಆಗಿದೆ. ಮುಂದೆ ಅವನು ದೊಡ್ಡವನಾಗಿ ಪಟ್ಟಣದಲ್ಲಿ ಉದ್ಯೋಗ ಹಿಡಿದ ಮೇಲೆ, ಎರಡು ದಿನ ರಜ ದೊರೆತರೆ ಊಟಿಗೋ ಗೋವೆಗೋ ಓಡುವನು. ಹಬ್ಬಕ್ಕೆಂದು ಊರಿಗೆ ಬಂದರೆ ಉಂಡು, ಮಲಗಿ, ಸೋಮವಾರ ಬೆಳಗಿನ ಬಸ್ಸಿಗೆ ಹಿಂದಿರುಗುವನು. ಹೊರಗಿನಿಂದ ಬಂದ ಯಾತ್ರಿಕನು ಅವನ ಊರಿನಲ್ಲಿ ಒಂದು ಗಂಟೆಯಷ್ಟಾದರೂ ಕಣ್ಣು ತೆರೆದಿರುತ್ತಾನೆ. ಅವನು ಅಷ್ಟನ್ನೂ ಮಾಡಲಾರ.

ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಗಿಲ್ಬರ್ಟ್ ವೈಟ್ ಎಂಬ ಪಾದ್ರಿಯ ಹೆಸರು ತಿಳಿದಿರಬಹುದು. ಸೆಲ್‌ಬೋರ್ನ್ ಎಂಬ ಚಿಕ್ಕ ಹಳ್ಳಿಯಲ್ಲಿ ಬಾಳಿನ ಬಹುಭಾಗವನ್ನು ಕಳೆದ ಈತನು ದೊಡ್ಡ ದೇಶಾಟನೆಗಳನ್ನು ಮಾಡಿದವನಲ್ಲ. ತನ್ನ ಹಳ್ಳಿಯ ಹಕ್ಕಿ, ಹುಳು, ಮಳೆ, ಮಂಜುಗಳನ್ನೂ ತೋಟದಲ್ಲಿದ್ದ ಒಂದು ಆಮೆಯನ್ನೂ ವರ್ಷ ವರ್ಷವೂ ಗಮನಿಸಿ, ಕಂಡುದನ್ನು ಸ್ನೇಹಿತರಿಗೆ ಕಾಗದ ಬರೆದನು. ಆ ಕಾಗದಗಳು ೧೭೮೯ರಲ್ಲಿ ಪುಸ್ತಕವಾಗಿ ಬಂದು ಇಂದಿಗೂ ಅಚ್ಚಾಗುತ್ತಿವೆ. ನೋಟಕ್ಕೆ ಒಂದೇ ತೆರನಾಗಿ ತೋರುವ ಮೂರು ಸಣ್ಣ ಹಕ್ಕಿಗಳು ನಿಜವಾಗಿ ಮೂರು ಬೇರೆ ಬೇರೆ ಜಾತಿಗಳೆಂದು ಆತನು ಅವುಗಳ ಕೂಗಿನಿಂದಲೇ ಬೇರ್ಪಡಿಸಿದನು. ಒಂದು ದಿನ ಬಂದು ಹೋಗುವ ಪ್ರವಾಸಿಗೆ ಇದು ಸಾಧ್ಯವಾಗುತ್ತಿರಲಿಲ್ಲ. ಹತ್ತಿರವಿರುವವನ ಭಾಗ್ಯವೆಂದರೆ ಖರ್ಚು ಕಡಿಮೆಯೆಂಬುದಲ್ಲ, ಮತ್ತೆ ಬರಬಲ್ಲನೆಂಬುದು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಒಂದು ಶನಿವಾರ ಭಾನುವಾರವನ್ನು ಹೇಗೆ ಕಳೆಯಬಹುದೆಂಬುದನ್ನು ವಿವರಿಸುವುದು ಈ ಭಾಷಣದ ಉದ್ದೇಶ.

ಮೊದಲು ಆ ನಾಡಿನ ರೂಪವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳೋಣ. ಕುದುರೆಮುಖದ ಶ್ರೇಣಿಗೆ ಸೇರಿದ ವರಾಹಪರ್ವತದಲ್ಲಿ ಗಂಗಾಮೂಲವೆಂಬ ಸ್ಥಳವುಂಟು. ತುಂಗಾ ಭದ್ರಾ ನದಿಗಳೆರಡೂ ಹುಟ್ಟುವುದು ಅಲ್ಲಿ. ಒಂದೇ ಮನೆಯಲ್ಲಿ ಹುಟ್ಟಿದ ಈ ಅಕ್ಕತಂಗಿಯರು ಹೊಸ್ತಿಲಲ್ಲೇ ಅಗಲಿ, ತುಂಗೆಯು ಶೃಂಗೇರಿ, ಹರಿಹರಪುರಗಳ ಕಡೆಗೂ, ಭದ್ರೆಯು ಕಳಸ, ಬಾಳೆಹೊನ್ನೂರುಗಳ ಕಡೆಗೂ ಹರಿದು, ಕಡೆಗೆ ಶಿವಮೊಗ್ಗೆಯ ಹತ್ತಿರದ ಕೂಡಲಿಯಲ್ಲಿ ಮತ್ತೆ ಕೂಡುವರು. ಶೃಂಗೇರಿಯು ತುಂಗೆಯ ಮಗಳು. ನರಸಿಂಹರಾಜಪುರವು ಭದ್ರೆಯ ನೆರೆಯದು. ಕೊಪ್ಪವು ಎರಡರ ನಡುವೆ ನಿಂತಿದೆ. ಶೃಂಗೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಪೂರ್ವಕ್ಕೆ ಸರಿದು ನರಸಿಂಹರಾಜಪುರಕ್ಕೆ ಬರುವಷ್ಟರಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದು. ಒಂದೆರಡು ಗಂಟೆಗಳ ಪ್ರಯಾಣದಲ್ಲಿ ಕಾಡಿನ ಬಣ್ಣವೂ ತೋಟದ ಬೆಳೆಯೂ ಬದಲಾಗುವುದಕ್ಕೆ ಈ ಮಳೆಯ ಇಳಿತವೇ ಮುಖ್ಯ ಕಾರಣ. ಆದುದರಿಂದ ಶನಿವಾರವನ್ನು ತುಂಗೆಗೂ ಭಾನುವಾರವನ್ನು ಭದ್ರೆಗೂ ಮೀಸಲಿಡುವುದು ಯುಕ್ತ.

ಶನಿವಾರ ಬೆಳಗ್ಗೆ, ಯಾತ್ರಿಕರ ಬಸ್ಸುಗಳು ಬರುವ ಮೊದಲೇ ಶೃಂಗೇರಿಯನ್ನು ಸೇರಬೇಕು. ನದಿಯ ದಡದಲ್ಲಿ ವಿದ್ಯಾಶಂಕರ ದೇವಾಲಯವಿದೆ. ವಿದ್ಯಾರಣ್ಯರ ಗುರುಗಳಾದ ವಿದ್ಯಾತೀರ್ಥರ ನೆನಪಿಗಾಗಿ ಹದಿನಾಲ್ಕನೆಯ ಶತಮಾನದಲ್ಲಿ ಎದ್ದ ಕಟ್ಟಡವಿದು. ಚೌಕವೂ ಅಲ್ಲದ, ವೃತ್ತವೂ ಅಲ್ಲದ ಇದರ ತಳವಿನ್ಯಾಸದಂಥದು ನಮ್ಮ ನಾಡಿನಲ್ಲಿ ಅಪೂರ್ವ. ಮುಂದಿನ ಮಂಟಪದಲ್ಲಿ ಹನ್ನೆರಡು ಕಂಬಗಳು. ಒಂದೊಂದರ ಮೇಲೆ ಒಂದೊಂದು ರಾಶಿಯ ಚಿಹ್ನೆ. ಸೂರ್ಯನು ಯಾವ ರಾಶಿಯಲ್ಲಿರುವನೋ ಆ ತಿಂಗಳು ಬೆಳಗಿನ ಬಿಸಿಲು ಆ ರಾಶಿಯ ಕಂಬದ ಮೇಲೆ ಬೀಳುವಂತೆ ಶಿಲ್ಪಿಗಳು ಇವನ್ನು ನಿಲ್ಲಿಸಿದರೆಂದು ಹೇಳುವರು. ಯಾತ್ರಿಕನು ಇದನ್ನು ಕೇಳಿ, ತಲೆದೂಗಿ, ಸಿಂಹದ ಬಾಯೊಳಗಿನ ಕಲ್ಲುಗುಂಡಿನ ಚಮತ್ಕಾರವನ್ನು ನೋಡಿ ಮುಂದೆ ಹೋಗುವನು. ಅವನಿಗೆ ಬೇರೆ ದಾರಿಯೇ ಇಲ್ಲ. ಅವನು ಕಾಣಬಹುದಾದುದು ಒಂದು ತಿಂಗಳ ಒಂದು ಬಿಸಿಲನ್ನು ಮಾತ್ರ. ಆದರೆ ಕೊಪ್ಪದ ಮನೆಯಿಂದ ಸುಮಾರು ಮೂವತ್ತು ಕಿಲೋಮೀಟರು ದೂರ ಬರುವವನು ತಿಂಗಳಿಗೊಮ್ಮೆ ಬಂದು, ಕಂಬಗಳನ್ನು ಒಂದೊಂದಾಗಿ ನೋಡಿ, ಜನರು ಹೇಳುವುದನ್ನು ತನ್ನ ಕಣ್ಣಿನಿಂದಲೇ ಪರೀಕ್ಷಿಸಬಲ್ಲನು. ಹನ್ನೆರಡು ಕಂಬಗಳ ದೇವಾಲಯವು ಹನ್ನೆರಡು ಭೇಟಿಗಳನ್ನು ಕೇಳುತ್ತದೆ. ಅದು ನೆರೆಯವನಿಗಾಗಿ ಕಟ್ಟಿದ ಗುಡಿಯೆಂದು ನಮಗೆ ತೋರುತ್ತದೆ.

ಪಕ್ಕದಲ್ಲಿಯೇ ಶಾರದಾಂಬೆಯ ಆಲಯ. ಮರದಿಂದ ಮಾಡಿದ್ದ ಹಳೆಯ ಗುಡಿಯಿದ್ದ ಎಡೆಯಲ್ಲಿ ಈಗಿನ ಶಿಲಾಮಂದಿರವು ಎದ್ದು, ೧೯೧೬ರಲ್ಲಿ ಅದರ ಪ್ರತಿಷ್ಠೆ ನಡೆಯಿತು. ಅದೇ ವರ್ಷ ಮೈಸೂರಿನ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು ಮಠದಲ್ಲಿದ್ದ ಹಳೆಯ ಕಾಗದಗಳ ಕಟ್ಟಿನಲ್ಲಿ ಟಿಪ್ಪು ಸುಲ್ತಾನನು ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆಯಿಸಿದ ಹಲವು ಪತ್ರಗಳನ್ನು ಕಂಡುಹಿಡಿದರು. ೧೭೯೧ರಲ್ಲಿ ಮರಾಠರ ಸೈನ್ಯಕ್ಕೆ ಸೇರಿದ ಕೊಳ್ಳೆಗಾರರು ಶೃಂಗೇರಿಯನ್ನು ಸೂರೆಮಾಡಿದಾಗ, ಸುಲ್ತಾನನು ದುಃಖವನ್ನು ಸೂಚಿಸಿ, ದೇವಿಯ ಪುನಃಪ್ರತಿಷ್ಠೆಗೆ ಬೇಕಾದ ಸಹಾಯವನ್ನು ಒದಗಿಸುವಂತೆ ತನ್ನ ಅಧಿಕಾರಿಗಳಿಗೆ ಆಜ್ಞಾಪಿಸಿದ ಸಂಗತಿ ಈ ಪತ್ರಗಳಿಂದ ತಿಳಿಯಬಂದಿತು. ನೂರಿಪ್ಪತ್ತೈದು ವರ್ಷಕಾಲ ಆ ಕಟ್ಟು ಅಲ್ಲಿಯೇ ಇದ್ದಿತು. ನೋಡಬೇಕೆಂಬ ಕಣ್ಣು ಬಂದಾಗ ಅದು ಚರಿತ್ರೆಯಾಯಿತು.

ಶೃಂಗೇರಿಯ ಶಾಸನಗಳ ಕತೆಯೂ ಇಂಥದೇ. ೧೩೪೬ರಲ್ಲಿ ವಿಜಯನಗರದ ಹರಿಹರನೂ ಅವನ ಸೋದರರೂ ಇಲ್ಲಿಗೆ ಬಂದು ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಭೂಮಿಯನ್ನು ದತ್ತಿಬಿಟ್ಟುದನ್ನು ಒಂದು ಶಿಲಾಶಾಸನವು ಹೇಳುತ್ತದೆ. ಬಿ. ಎಲ್. ರೈಸ್ ಸಾಹೇಬರು ‘ಎಪಿಗ್ರಾಫಿಯಾ ಕರ್ನಾಟಿಕ’ದ ಆರನೆಯ ಸಂಪುಟವನ್ನು ೧೯೦೧ರಲ್ಲಿ ಪ್ರಕಟಿಸಿದಾಗ, ಅಂದು ಕಡೂರು ಜಿಲ್ಲೆಯೆನಿಸಿಕೊಂಡಿದ್ದ ಈ ಸೀಮೆಯ ಶಾಸನಗಳು ಒಂದೆಡೆ ಸೇರಿದುವು. ಅದರಲ್ಲಿ ಶೃಂಗೇರಿಗೂ ಕೊಪ್ಪಕ್ಕೂ ಬೇರೆ ಬೇರೆ ಭಾಗಗಳುಂಟು. ಆ ಸಂಪುಟದಿಂದ ತನ್ನ ಹಳ್ಳಿಯ ಸಮೀಪದ ಒಂದು ಶಾಸನವನ್ನು ಆರಿಸಿಕೊಂಡು, ಆ ಕಲ್ಲು ಇಂದು ಎಲ್ಲಿ, ಯಾವ ಸ್ಥಿತಿಯಲ್ಲಿದೆಯೆಂದು ಹುಡುಕಿಕೊಂಡು ಹೋಗುವುದಕ್ಕಿಂತ ಒಳ್ಳೆಯ ವಿಹಾರವನ್ನು ನಾವು ಕಾಣೆವು. ಪೇಟೆಯ ನಡುವೆ ಗುಡ್ಡದ ಮೇಲಿರುವ ಮಲಹಾನಿಕರೇಶ್ವರನನ್ನೂ, ಅದ್ವೈತದ ಈ ಪೀಠಸ್ಥಾನದಲ್ಲಿಯೇ ಉಳಿದು ಬಂದಿರುವ ಪಾರ್ಶ್ವನಾಥನ ಪ್ರಾಚೀನ ಬಸದಿಯನ್ನೂ ನೋಡದೆ ಊರನ್ನು ಬಿಡಬಾರದು. ಮಠದ ಮುಂದೆ ಬಂದಿಳಿದವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಆ ಬಸದಿಯವರೆಗೆ ಹೋಗರು.

ಮಧ್ಯಾಹ್ನ ಕಿಗ್ಗಕ್ಕೆ ಹೋಗೋಣ. ಶೃಂಗೇರಿಯಿಂದ ಸುಮಾರು ಹತ್ತು ಕಿಲೋಮೀಟರು. ವಿಭಾಂಡಕರ ಮಗನಾದ ಋಷ್ಯಶೃಂಗನು ಕಾಲಿಟ್ಟೊಡನೆ ರೋಮಪಾದನ ಅಂಗದೇಶದಲ್ಲಿ ಬರ ನೀಗಿ ಮಳೆಯಾಯಿತೆಂಬ ಕತೆ ರಾಮಾಯಣದಿಂದ ಎಲ್ಲರಿಗೂ ತಿಳಿದಿದೆ. ಶೃಂಗೇರಿಯೆಂಬ ಹೆಸರೂ ಆ ಋಷಿಯಿಂದಲೇ ಬಂದಿತೆಂದು ಪ್ರತೀತಿ. ಕಿಗ್ಗದ ಋಷ್ಯಶೃಂಗೇಶ್ವರನಿಗೆ, ಮಳೆ ಬಾರದಿದ್ದರೆ ಬರಲೆಂದೂ, ಹೆಚ್ಚಾದರೆ ನಿಲ್ಲಲೆಂದೂ ಜನರು ಹರಕೆ ಹೊರುವರು. ಬಯಲುಸೀಮೆಯ ದೇವರುಗಳಿಗೆ ಮೊದಲನೆಯ ಬೇಡಿಕೆ ಮಾತ್ರ ಪರಿಚಿತ, ಎರಡನೆಯದು ಮಲೆನಾಡಿನದು. ಆಷಾಢದಲ್ಲಿ ತುಂಗೆಯು ಉಕ್ಕಿ ಶೃಂಗೇರಿಯ ಕಪ್ಪೆಶಂಕರನನ್ನು ಮುಳುಗಿಸುವುದನ್ನು ಕಂಡವರಿಗೆ ಆ ಬೇಡಿಕೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಿಗ್ಗದ ಆಚೆ ಸಿರಿಮನೆಯ ಜಲಪಾತವುಂಟು. ಕಾಲು ಗಟ್ಟಿಯಿದ್ದವರಿಗೆ ನರಸಿಂಹಪರ್ವತವುಂಟು. ಸಂಜೆ ಹಿಂದಿರುಗುವಾಗ ತುಂಗೆಯ ದಡದ ಹರಿಹರಪುರದಲ್ಲಿ ಸ್ವಲ್ಪ ಹೊತ್ತು ನಿಂತು, ರಾತ್ರಿ ಕೊಪ್ಪವನ್ನು ಸೇರಬಹುದು.

ಭಾನುವಾರ ಬೆಳಗ್ಗೆ ದೇವಾಲಯಗಳಿಗೆ ವಿರಾಮ ಕೊಟ್ಟು, ಕೊಪ್ಪದ ಬಳಿಯ ಒಂದು ಅಡಿಕೆ ತೋಟವನ್ನು ನೋಡಬೇಕೆಂದು ನಾವು ಸಲಹೆಮಾಡುತ್ತೇವೆ. ‘ತೋಟದಲ್ಲಿಯೇ ಹುಟ್ಟಿ ಬೆಳೆದವರು ತೋಟವನ್ನು ನೋಡುವುದೇನು?’ ಎಂದು ನೀವು ನಗಬಹುದು. ಹಿತ್ತಲ ಗಿಡ ಮದ್ದಲ್ಲವೆಂಬ ನಗೆ ಇದು. ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ ಅಡಿಕೆ. ಅಡಿಕೆಯ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಸಾಲುಗಳ ನಡುವೆ ನೀರು ಬಸಿದುಹೋಗುವ ಕಾಲುವೆ. ಮೇಲೆ ಸೊಪ್ಪಿನ ಬೆಟ್ಟ. ಕೆಳಗೆ ಬತ್ತದ ಗದ್ದೆ. ಬೆಟ್ಟದ ಸೊಪ್ಪು ಗೊಬ್ಬರವಾಗಿ ತೋಟಕ್ಕೆ ಇಳಿಯುವುದು, ತೋಟದ ನೀರು ಗದ್ದೆಗೆ ಇಳಿಯುವುದು. ಬೆಟ್ಟ ಬೋಳಾದರೆ ಗದ್ದೆಯವರೆಗೂ ಅದರ ಫಲ ತಟ್ಟುವುದು. ನಾಲ್ಕು ಹೆಜ್ಜೆ ಹತ್ತಿ ಮೇಲಿನಿಂದ ನೋಡಿದವರಿಗೆ ಇಡೀ ಏರ್ಪಾಡು ಒಂದೇ ಯಂತ್ರದಂತೆ ತೋರುವುದು.

ಈ ತೋಟಗಳಿಗೆ ಹಿಂದಿನಿಂದಲೂ ಇದ್ದ ಶತ್ರು ಕೊಳೆರೋಗ. ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುವುವು. ಹಿಂದಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಕಾಪಾಡಿಕೊಳ್ಳುತ್ತಿದ್ದರು. ೧೯೦೮ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿದ್ವಾಂಸರು ಈ ರೋಗದ ಮೂಲವಾದ ಸೂಕ್ಷ್ಮಜೀವಿಯನ್ನು ಅಭ್ಯಸಿಸಿ, ೧೯೧೦ರಲ್ಲಿ ಅದನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಫ್ರಾನ್ಸಿನಲ್ಲಿ ದ್ರಾಕ್ಷಿಯ ಬಳ್ಳಿಗಳಿಗೆ ಬಳಸುತ್ತಿದ್ದ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಲೆನಾಡಿನ ಅಡಿಕೆಯ ಗೊನೆಗಳಿಗೆ ಸಿಂಪಡಿಸುವ ಪದ್ಧತಿಯು ಅವರಿಂದ ಬೇರೂರಿತು. ಇಂದಿಗೂ ಮುಂಗಾರಿಗೆ ಮುನ್ನ ನಮ್ಮ ತೋಟಗಳಲ್ಲಿ ಅದೇ ನೀಲಿ ಮದ್ದು. ಮದ್ದು ಹೊಡೆಯುವುದನ್ನು ಬಾಲ್ಯದಿಂದ ನೋಡಿದವರಲ್ಲಿ ಅದರ ಹಿಂದೆ ಫ್ರಾನ್ಸಿನ ದ್ರಾಕ್ಷಿಯೂ ಕೆನಡಾದ ವಿಜ್ಞಾನಿಯೂ ಇರುವರೆಂಬುದನ್ನು ತಿಳಿದವರು ವಿರಳ. ಊರನ್ನು ನೋಡುವುದೆಂದರೆ ಬಾವಿಯ ಕಪ್ಪೆಯಾಗುವುದಲ್ಲ. ಊರಿನೊಳಗೆ ಬಂದು ಸೇರಿರುವ ಪ್ರಪಂಚವನ್ನು ಗುರುತಿಸುವುದು.

ಅದೇ ತೋಟದಲ್ಲಿ ಇನ್ನೊಂದನ್ನೂ ಕಾಣಬೇಕಾಗುವುದು. ಅದು ಸಂತೋಷದ ನೋಟವಲ್ಲ. ಶೃಂಗೇರಿ ಕೊಪ್ಪಗಳ ಅನೇಕ ತೋಟಗಳಲ್ಲಿ ಅಡಿಕೆಯ ಎಲೆ ಹಳದಿಯಾಗಿ, ಮರ ಸೊರಗಿ, ಫಲ ಕುಂದುತ್ತ ಬಂದಿದೆ. ಹಳದಿ ಎಲೆ ರೋಗವೆಂದು ಇದರ ಹೆಸರು. ಕೊಳೆರೋಗಕ್ಕೆ ದೊರೆತಂತೆ ಇದಕ್ಕೆ ಖಚಿತವಾದ ಮದ್ದು ಇನ್ನೂ ದೊರೆತಿಲ್ಲ. ತಲೆಮಾರುಗಳಿಂದ ಅಡಿಕೆಯನ್ನೇ ನಂಬಿದ ಮನೆಗಳು ಕಾಫಿಗೋ ಬೇರೆ ಬೆಳೆಗೋ ತಿರುಗಿವೆ. ಮಕ್ಕಳು ಪಟ್ಟಣಕ್ಕೆ ಹೋಗಿ, ಕೆಲವೆಡೆ ಮನೆಯಲ್ಲಿ ಉಳಿದಿರುವವರು ಮುದುಕರು ಮಾತ್ರ. ರಸ್ತೆಯ ಮೇಲೆ ಕಾರಿನಲ್ಲಿ ಹೋಗುವ ಪ್ರವಾಸಿಗೆ ಇಡೀ ಕಣಿವೆಯೂ ಹಸುರಾಗಿಯೇ ತೋರುವುದು. ಕಳೆದ ವರ್ಷದ ಹಸುರು ಹೇಗಿದ್ದಿತೆಂದು ಬಲ್ಲವನಿಗೆ ಮಾತ್ರ ಈ ವರ್ಷದ ಹಳದಿ ಕಣ್ಣಿಗೆ ಬೀಳುವುದು.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯನ್ನು ಹೆಸರಿಸದೆ ಮುಂದೆ ಹೋಗಲಾರೆವು. ಕುವೆಂಪು ಅವರು ೧೯೦೪ನೆಯ ಡಿಸೆಂಬರ್ ೨೯ರಂದು ಹುಟ್ಟಿದ್ದು ಅಲ್ಲಿ, ತಾಯಿಯ ತವರಿನಲ್ಲಿ. ತೀರ್ಥಹಳ್ಳಿಯ ಕುಪ್ಪಳಿಗೆ ಜನ ಗುಂಪುಗುಂಪಾಗಿ ಹೋಗುವರು. ಹಿರೇಕೊಡಿಗೆಯ ಹೆಸರನ್ನು ಕೇಳಿದವರು ಕಡಿಮೆ. ತನ್ನ ಸುತ್ತಣ ಕಾಡು ಗದ್ದೆಗಳನ್ನೇ ದಿಟ್ಟಿಸಿ ನೋಡಿದ ಕವಿಯೊಬ್ಬರು ಎಷ್ಟು ದೊಡ್ಡ ಸಾಹಿತ್ಯವನ್ನು ಕಟ್ಟಬಲ್ಲರೆಂಬುದಕ್ಕೆ ಈ ಸೀಮೆಗೆ ಹೊರಗಿನ ನಿದರ್ಶನ ಬೇಕಾಗಿಲ್ಲ.

ಕೊಪ್ಪದಿಂದ ಭದ್ರೆಯ ಕಡೆಗೆ ಇಳಿದರೆ ಬಾಳೆಹೊನ್ನೂರು. ವೀರಶೈವರ ಪಂಚಪೀಠಗಳಲ್ಲಿ ಒಂದಾದ ರಂಭಾಪುರಿ ಪೀಠವು ಇಲ್ಲಿಯದು. ಊರಿನ ಸಮೀಪದಲ್ಲಿ ಕಾಫಿಯ ಸಂಶೋಧನಾ ಕೇಂದ್ರವಿದೆ. ೧೯೨೫ರಲ್ಲಿ ಇದು ಹುಟ್ಟಲು ಕಾರಣರಾದವರೂ, ಆ ವೇಳೆಗೆ ವ್ಯವಸಾಯ ಇಲಾಖೆಯ ನಿರ್ದೇಶಕರಾಗಿದ್ದ ಅದೇ ಕೋಲ್ಮನ್ನರು. ಎಲೆಯ ತುಕ್ಕುರೋಗವನ್ನು ತಾಳಿಕೊಳ್ಳಬಲ್ಲ ‘ಎಸ್. ೭೯೫’ ಎಂಬ ಅರೇಬಿಕ ತಳಿಯು ೧೯೪೦ರ ದಶಕದಲ್ಲಿ ಇಲ್ಲಿಂದಲೇ ಹೊರಬಂದು ದೇಶದ ಕಾಫಿ ತೋಟಗಳಲ್ಲೆಲ್ಲ ಹರಡಿತು. ಬೆಂಗಳೂರಿನಲ್ಲಿ ಕುಳಿತು ಒಂದು ಲೋಟ ಕಾಫಿಯನ್ನು ಕುಡಿಯುವವರು ಬಾಳೆಹೊನ್ನೂರಿಗೆ ಎಷ್ಟು ಋಣಿಗಳೆಂಬುದನ್ನು ಒಮ್ಮೆ ಯೋಚಿಸಿದರೆ ಕಾಫಿಯ ರುಚಿ ಕೆಡಲಾರದು.

ಕೊನೆಯದಾಗಿ ನರಸಿಂಹರಾಜಪುರ. ಇದರ ಮೊದಲಿನ ಹೆಸರು ಎಡೆಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ೧೯೧೫ರಲ್ಲಿ ಇಲ್ಲಿಗೆ ಬಿಜಯಮಾಡಿದುದರ ನೆನಪಿಗಾಗಿ ಈಗಿನ ಹೆಸರು ಬಂದಿತು. ಆ ಕಾಲದಲ್ಲಿಯೇ ತರೀಕೆರೆಯಿಂದ ಇಲ್ಲಿಯವರೆಗೆ ಎರಡು ಅಡಿ ಅಗಲದ ಕಂಬಿಗಳ ಮೇಲೆ ಒಂದು ಪುಟ್ಟ ರೈಲು ಕಾಡಿನ ನಡುವೆ ಓಡಾಡುತ್ತಿದ್ದಿತು. ಜನ ಅದನ್ನು ಟ್ರಾಮ್ ಎನ್ನುತ್ತಿದ್ದರು. ಇಂದು ಅದಿಲ್ಲ. ಲಕ್ಕವಳ್ಳಿಯಲ್ಲಿ ೧೯೪೭ರಲ್ಲಿ ಆರಂಭವಾದ ಭದ್ರಾ ಅಣೆಕಟ್ಟು ೧೯೬೫ರ ವೇಳೆಗೆ ಪೂರ್ಣಗೊಂಡಿತು. ಅದರ ಹಿನ್ನೀರು ಹಳ್ಳಿಗಳನ್ನೂ ಗದ್ದೆಗಳನ್ನೂ ಕಾಡನ್ನೂ ಆವರಿಸಿ ಊರಿನ ಮಗ್ಗುಲವರೆಗೂ ಬಂದು ನಿಂತಿತು. ಆ ನೀರಿನಿಂದ ದಾವಣಗೆರೆಯ ಕಡೆಯ ಬಯಲು ಹಸುರಾಯಿತು, ಅನ್ನ ಬೆಳೆಯಿತು. ಇದನ್ನು ಮರೆಯುವುದು ನ್ಯಾಯವಲ್ಲ. ಹಾಗೆಯೇ, ಆ ಅನ್ನಕ್ಕಾಗಿ ಮನೆ ಬಿಟ್ಟೆದ್ದವರನ್ನು ಮರೆಯುವುದೂ ನ್ಯಾಯವಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಹಿಂದಿನ ನೆಲ ಸ್ವಲ್ಪ ತಲೆಯೆತ್ತುವುದು. ‘ಇಲ್ಲಿ ನಮ್ಮ ಗದ್ದೆಯಿದ್ದಿತು’ ಎಂದು ಕೈತೋರಿಸಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ವಿರಳರಾಗುತ್ತಿರುವರು. ಅವರೊಡನೆ ಒಂದು ಗಂಟೆ ದಡದಲ್ಲಿ ಕುಳಿತು ಕೇಳಿದುದನ್ನು ಬರೆದುಕೊಂಡರೆ, ಯಾವ ಪುಸ್ತಕದಲ್ಲಿಯೂ ದೊರೆಯದ ಚರಿತ್ರೆ ದೊರೆಯುವುದು.

ಊರಿನಲ್ಲಿ ಸಿಂಹನಗದ್ದೆಯ ಬಸದಿಯುಂಟು. ಎಂಟನೆಯ ತೀರ್ಥಂಕರನಾದ ಚಂದ್ರಪ್ರಭನ ಯಕ್ಷಿ ಜ್ವಾಲಾಮಾಲಿನಿಯ ಕ್ಷೇತ್ರವದು. ಸುತ್ತಲೂ ಕೇರಳದಿಂದ ಬಂದು ನೆಲಸಿದ ಕ್ರೈಸ್ತರ ರಬ್ಬರ್ ತೋಟಗಳುಂಟು. ಶನಿವಾರ ಬೆಳಗ್ಗೆ ಅದ್ವೈತದ ಪೀಠದಲ್ಲಿ ಹೊರಟವನು ಭಾನುವಾರ ಸಂಜೆಯೊಳಗೆ ಜೈನ ಬಸದಿಗಳನ್ನೂ ವೀರಶೈವ ಪೀಠವನ್ನೂ ನೋಡಿ, ಮಲೆಯಾಳದ ಮಾತನ್ನು ಕೇಳಿ, ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಒಂದು ದೇಶವನ್ನೇ ಸುತ್ತಿಬಂದಂತಾಗುವುದು.

ಇಷ್ಟನ್ನೂ ಎರಡು ದಿನಗಳಲ್ಲಿ ನೋಡಿ ಮುಗಿಸಬಹುದೆ ಎಂದು ಕೇಳಿದರೆ, ನೋಡಬಹುದು, ಮುಗಿಸಲಾಗದು ಎಂದೇ ನಮ್ಮ ಉತ್ತರ. ಮುಗಿಸಬೇಕೆಂಬ ಆತುರ ಪ್ರವಾಸಿಯದು. ಊರಿನವನಿಗೆ ಅದು ಬೇಡ. ಒಂದು ವಾರ ದೇವಾಲಯ, ಇನ್ನೊಂದು ವಾರ ತೋಟ; ಮಾರ್ಚಿಯ ಹೂಮಳೆಯಾದ ಮೇಲೆ ಕಾಫಿಯ ಹೂವು; ಆಷಾಢದಲ್ಲಿ ಕಿಗ್ಗ; ಬೇಸಿಗೆಯ ಕೊನೆಯಲ್ಲಿ ಭದ್ರೆಯ ದಡ. ಹೊರಡುವಾಗ ಜೊತೆಗೆ ಒಂದು ಪ್ರಶ್ನೆಯಿರಲಿ. ಸಾಧ್ಯವಾದರೆ ಮನೆಯ ಒಬ್ಬ ಹಿರಿಯರೂ ಒಂದು ಮಗುವೂ ಇರಲಿ. ಹಿರಿಯರು ಹೇಳುವುದನ್ನು ಮಗು ಕೇಳಲಿ. ಮಗು ಕೇಳುವ ಪ್ರಶ್ನೆಗೆ ಹಿರಿಯರು ತಡವರಿಸಲಿ. ಅದರಿಂದ ಇಬ್ಬರಿಗೂ ಲಾಭ.

ನಮ್ಮ ಕೇಳುಗರೆಲ್ಲರೂ ಮಲೆನಾಡಿನವರಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಶಾಸನವಿಲ್ಲದ ಹೋಬಳಿ, ಕೆರೆಯಿಲ್ಲದ ಹಳ್ಳಿ, ಬದಲಾದ ಹೆಸರಿಲ್ಲದ ಬೀದಿ ನಮ್ಮ ನಾಡಿನಲ್ಲಿ ಎಷ್ಟಿದ್ದಾವು? ಎಡೆಹಳ್ಳಿಯೆಂಬ ಹೆಸರು ಹೋಯಿತು, ಕಂಬಿ ಹೋಯಿತು, ಗದ್ದೆ ನೀರಿನಡಿಗೆ ಹೋಯಿತು, ಈಗ ಕಣಿವೆಯಲ್ಲಿ ಎಲೆ ಹಳದಿಯಾಗುತ್ತಿದೆ. ಹೋಗತಕ್ಕದ್ದನ್ನೆಲ್ಲ ಹಿಡಿದು ನಿಲ್ಲಿಸುವ ಶಕ್ತಿ ಯಾರಿಗೂ ಇಲ್ಲ. ಆದರೆ ನೋಡದೆಯೇ ಕಳೆದುಕೊಂಡುದಕ್ಕಾಗಿ ಯಾರೂ ದುಃಖಿಸರು. ದುಃಖಿಸದವರು ಉಳಿದುದನ್ನು ಕಾಪಾಡಲು ಕೈಯೆತ್ತರು. ಊರನ್ನು ಕಾಪಾಡುವ ಕೆಲಸದ ಮೊದಲನೆಯ ಮೆಟ್ಟಿಲು ಊರನ್ನು ನೋಡುವುದು. ಅದಕ್ಕೆ ಬೇಕಾದುದು ಒಂದು ಶನಿವಾರ, ಒಂದು ಭಾನುವಾರ, ಮತ್ತು ಮುಂದಿನ ತಿಂಗಳು ತಿರುಗಿ ಬರುವೆನೆಂಬ ಸಂಕಲ್ಪ.